ಹಸನ ಅಂದ್ರ ಬೋಳಲ್ಲ

ರೋಣದ ಕಡೆಯ ಯಾವ ಅವ್ವನನ್ನಾದರೂ ಕೇಳಿ ನೋಡಿ, ‘ಹಸನ ಮಾಡೂದು’ ಅಂದರೇನು ಅಂತ. ಮೊರದಾಗ ಜೋಳ ಸುರುವಿಕೊಂಡು ಕೂತು ತೋರಿಸಿಯೇ ಬಿಡುತ್ತಾಳೆ. ಹರಳು ಒಂದು ಕಡೆ, ಹೊಟ್ಟು ಒಂದು ಕಡೆ, ಹುಳ ಹತ್ತಿದ ಕಾಳು ಒಂದು ಕಡೆ, ಗಟ್ಟಿ ಕಾಳು ಇನ್ನೊಂದು ಕಡೆ. ಹುಳ ಹತ್ತಿದ್ದು ಕೋಳಿಗೆ, ಹೊಟ್ಟು ದನಕ್ಕೆ. ಕಡೆಗೆ ಆಕೆ ಬಿಸಾಡುವುದು ಹರಳೊಂದನ್ನೇ. ಹಸನ ಅಂದರೆ ಆರಿಸುವುದು. ಮೊರವನ್ನೇ ತಿಪ್ಪಿ ಮೇಲೆ ಬೋರಲು ಹಾಕಿ “ಹಸನಾತು ನೋಡಬೇ ಯವ್ವಾ” ಅಂದರೆ ಬೆನ್ನಿಗೆ ಎರಡು ಬೀಳುತ್ತವೆ.

ಮನೆ ಕಟ್ಟಲು ಜಾಗ ಹಸನ ಮಾಡುವಾಗ ಮಾತ್ರ ನಾವು, ಅಂದರೆ ಬಿಇ ಮುಗಿಸಿ ಬೆಂಗಳೂರು, ಪುಣೆ, ಹೈದರಾಬಾದ್ ಸೇರಿದ ಹಳ್ಳಿ ಮಕ್ಕಳು, ಮೊರ ಬೋರಲು ಹಾಕುವ ಕೆಲಸವನ್ನೇ ಮಾಡ್ತಿದ್ದೀವಿ. ಅದಕ್ಕೆ ಸ್ಟೇಟಸ್ ಬೇರೆ ಹಾಕ್ತೀವಿ.

ನಿಮಗೂ ಇದೇನು ಹೊಸದಲ್ಲ. ಪ್ರಮೋಷನ್ ಆಯ್ತು, ಲೋನಿನ ಲೆಕ್ಕ ಹೊಂದಿತು, “ಊರಾಗೊಂದು ಮನಿ ಕಟ್ಟಸಬೇಕು” ಅನ್ನೋ ಆಸೆ ಹುಟ್ಟಿತು. ಶನಿವಾರ, ಭಾನುವಾರಕ್ಕೆ ಒಂದು ರಜೆ ಅಂಟಿಸಿಕೊಂಡು ಊರಿಗೆ ಹೋಗೋದು. ಹಳೇ ಮನೆಯ ಹಿತ್ತಲೋ, ಊರ ಹೊರಗಿನ ಕಣವೋ, ರಸ್ತೆಗೆ ಹತ್ತಿದ ಹೊಲದ ಮೂಲೆಯೋ, ಒಂದು ಜಾಗ ಗೊತ್ತು ಮಾಡೋದು. ತಾಸಿನ ಲೆಕ್ಕದಲ್ಲಿ ಜೆಸಿಬಿ ಕರೆಸೋದು. ಬೆಳಿಗ್ಗೆ ಹತ್ತಕ್ಕೆ ಬಂದ ಜೆಸಿಬಿ ಮಧ್ಯಾಹ್ನ ರೊಟ್ಟಿ ಊಟದ ಹೊತ್ತಿಗೆ ಜಾಲಿ, ಬೇವು, ಬನ್ನಿ, ಬದು, ಹಳೇ ಗೋಡೆ, ಬಾಂದಗಲ್ಲು ಎಲ್ಲವನ್ನೂ ಒಂದೇ ರಾಶಿ ಮಾಡಿ ಮೂಲೆಗೆ ದೂಡಿರುತ್ತದೆ. ರಜೆ ಸಿಗದವರು ಇನ್ನೂ ಒಂದು ಹೆಜ್ಜೆ ಮುಂದೆ. ವಿಡಿಯೋ ಕಾಲ್‌ನಲ್ಲೇ “ಅಣ್ಣಾ, ಆ ಗಿಡಾನೂ ತಗದುಬಿಡು” ಅಂತ ಆರ್ಡರ್. ಅಪ್ಪ ಫೋನ್ ಹಿಡಿದುಕೊಂಡು ನಿಂತಿರುತ್ತಾನೆ. ಅವನನ್ನು ಯಾರೂ ಏನೂ ಕೇಳಿರೋದಿಲ್ಲ.

ಮೊದಲೇ ಹೇಳಿಬಿಡ್ತೀನಿ, ಮಣ್ಣಿನ ಮನೆಯ ಪುರಾಣ ಓದೋಕೆ ನಾನು ಬಂದಿಲ್ಲ. ನಾನೂ ರೋಣ ತಾಲ್ಲೂಕಿನ ಹಳ್ಳಿಯಲ್ಲೇ ಬೆಳೆದವಳು. ಮುಂಗಾರಿಗೆ ಮುಂಚೆ ಮಾಳಿಗಿ ಮೇಲೆ ಸವಳು ಮಣ್ಣು ಹೊತ್ತು ಹಾಕುವುದು, ರಾತ್ರಿ ಮಳೆ ಬಂದರೆ ಸೋರುವ ಕಡೆಗೆಲ್ಲ ಬೋಗುಣಿ ಇಡುತ್ತ ಎದ್ದು ಕೂರುವುದು, ಇದನ್ನೆಲ್ಲ ಕಂಡವರಿಗೆ ಸ್ಲ್ಯಾಬಿನ ಬೆಲೆ ಗೊತ್ತು. ಕಟ್ಟಿ. ಜೋರಾಗಿಯೇ ಕಟ್ಟಿ. ಜೆಸಿಬಿಯನ್ನೂ ಕರೆಸಿ, ಅದರ ತಪ್ಪೇನಿದೆ? ನನ್ನ ತಕರಾರು ಯಂತ್ರ ಬರುವ ಮುಂಚಿನ ಕೆಲಸದ್ದು. ಆ ಜಾಗದಲ್ಲಿ ಏನೇನಿದೆ, ಯಾಕಿದೆ, ಯಾವುದು ಇರಲಿ, ಯಾವುದು ಹೋಗಲಿ ಅಂತ ಆರಿಸುವವರೇ ಇಲ್ಲವಾಗಿದ್ದಾರೆ. ಹಾಗೆ ಬೋಳು ಮಾಡಿದ ಜಾಗ ಸೇಡು ತೀರಿಸಿಕೊಳ್ಳುತ್ತದೆ. ನಮ್ಮ ನೆಲವಂತೂ ಸಾಲ ಇಟ್ಟುಕೊಳ್ಳುವ ಜಾತಿಯದಲ್ಲ.

ನಮ್ಮ ಆಫೀಸಿನ ಭಾಷೆಯಲ್ಲೇ ಕೇಳ್ತೀನಿ. ಹದಿನೈದು ವರ್ಷದ ಹಳೇ ಕೋಡು. ಬರೆದವರು ಕಂಪನಿ ಬಿಟ್ಟು ಹೋಗಿದ್ದಾರೆ. ಒಂದು ಕಾಮೆಂಟೂ ಇಲ್ಲ. ನಡುವೆ ಅರ್ಥವಾಗದ ನಾಲ್ಕು ಸಾಲು. ಶುಕ್ರವಾರ ಸಂಜೆ ಅದನ್ನು ಅಳಿಸಿ ಪ್ರೊಡಕ್ಷನ್‌ಗೆ ಹಾಕ್ತೀರಾ? ಹಾಕಿದವನಿಗೆ ಸೋಮವಾರ ಏನು ಕಾದಿರುತ್ತದೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಆಫೀಸಿನಲ್ಲಿ ಇಷ್ಟು ಹುಷಾರಾಗಿರುವ ನಾವು ಅಜ್ಜ-ಮುತ್ತಜ್ಜರು ಬರೆದಿಟ್ಟ ನೆಲದ ಮೇಲೆ ಮಾತ್ರ ಎಲ್ಲ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತುತ್ತೇವೆ. ಅಲ್ಲೂ ಕಾಮೆಂಟ್ ಬರೆದಿಲ್ಲ, ನಿಜ. ಆದರೆ ಬರೆದವರಲ್ಲಿ ಕೆಲವರು ಇನ್ನೂ ಕಟ್ಟೆಯ ಮೇಲೆ ಕೂತಿದ್ದಾರೆ, ಕೇಳಿದರೆ ಹೇಳ್ತಾರೆ.

ಏನು ಹೇಳ್ತಾರೆ? ಮೊದಲನೆಯದು, ಹಗೇವು ಎಲ್ಲಿತ್ತು ಅಂತ. ಪಟ್ಟಣದಲ್ಲೇ ಹುಟ್ಟಿದವರಿಗಾಗಿ ಒಂದು ಮಾತು: ಹಗೇವು ಅಂದರೆ ಕಾಳು ಕೂಡಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಕೊಟ್ಟು ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಮನೆಯ ಒಳಗೆ, ಅಂಗಳದಲ್ಲಿ, ಕಣದಲ್ಲಿ, ಎಲ್ಲಿ ಬೇಕಾದಲ್ಲಿ ಇರುತ್ತಿತ್ತು. ಆಮೇಲೆ ಚೀಲ ಬಂತು, ಗೋದಾಮು ಬಂತು. ಹಗೇವಿನ ಬಾಯಿ ಮುಚ್ಚಿತು. ಹೊಟ್ಟೆ ಹಾಗೇ ಖಾಲಿ ಉಳಿಯಿತು.

ಆ ಖಾಲಿ ಹೊಟ್ಟೆ ಏನು ಮಾಡಬಲ್ಲದು ಅಂತ ನರಗುಂದದವರನ್ನು ಕೇಳಿ. 2019-20ರ ಸುಮಾರಿಗೆ ಆ ಪಟ್ಟಣದ ಓಣಿಗಳಲ್ಲಿ ನೆಲ ಇದ್ದಕ್ಕಿದ್ದಂತೆ ಕುಸಿಯತೊಡಗಿತು. ಮನೆಯೊಳಗೆ ಗುಂಡಿ, ಅಂಗಳದಲ್ಲಿ ಗುಂಡಿ, ರಸ್ತೆಯಲ್ಲಿ ಗುಂಡಿ. ಭೂವಿಜ್ಞಾನಿಗಳು ಬಂದು ನೋಡಿ ಹೋದರು. ಕಾರಣ ಅಂತ ಮತ್ತೆ ಮತ್ತೆ ಕೇಳಿಬಂದ ಮಾತು ಎರಡು: ನೆಲದಡಿಯ ಹಳೇ ಹಗೇವುಗಳು ಮತ್ತು ಮೇಲೆದ್ದ ಅಂತರ್ಜಲ. ತಲೆಮಾರುಗಳ ಕಾಲ ಗಟ್ಟಿಯಾಗಿ ನಿಂತಿದ್ದ ಟೊಳ್ಳು, ನೀರು ತಾಗಿದ ಮೇಲೆ ಮೆತ್ತಗಾಗಿ ಜಗ್ಗಿತು. ಈಗ ಯೋಚನೆ ಮಾಡಿ, ಅದರ ಮೇಲೆ ನಿಮ್ಮ ಕಾಲಮ್ಮಿನ ಬುನಾದಿ ಬಂದು ಕೂತರೆ? ಅಷ್ಟು ದೂರ ಯಾಕೆ, ಅದರ ಮೇಲೆ ಜೆಸಿಬಿಯ ಮುಂದಿನ ಗಾಲಿ ಬಂದರೆ? ಒಳಗೆ ಕೂತ ಡ್ರೈವರೂ ಯಾರದೋ ಮನೆಯ ಮಗ. “ಅಲ್ಲೊಂದು ಹಗೇವು ಇತ್ತಲ್ಲೋ” ಅಂತ ನೆನಪು ಮಾಡಿಕೊಡಲು ಓಣಿಯ ಹಿರೇ ಕಾಕಾಗೆ ಐದು ನಿಮಿಷ ಸಾಕು. ಆ ಐದು ನಿಮಿಷ ನಮ್ಮ ಹತ್ತಿರ ಇಲ್ಲ.

ಎರಡನೆಯದು ಗಿಡ. ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅಂತೀವಿ. ಬಳ್ಳಾರಿ ಜಾಲಿ ತೆಗೆಯೋದಕ್ಕೆ ನನ್ನದೇನೂ ಅಡ್ಡಿಯಿಲ್ಲ. ಅದು ಅಮೆರಿಕ ಖಂಡದ ಮೂಲದ್ದು, 1870ರ ದಶಕದಲ್ಲಿ ಭಾರತಕ್ಕೆ ಬಂತು, ಆಮೇಲೆ ಯಾರ ಮಾತನ್ನೂ ಕೇಳಲಿಲ್ಲ. ಆದರೆ ಅದನ್ನು ಕೂಡ ನಾವು ನೆಟ್ಟಗೆ ತೆಗೆಯುತ್ತಿಲ್ಲ. ನೆಲಮಟ್ಟಕ್ಕೆ ಮುರಿದು ದೂಡಿದರೆ ಬುಡದಿಂದ ಒಂದಕ್ಕೆ ಹತ್ತು ಚಿಗುರು ಒಡೆಯುತ್ತದೆ. ಬುಡದ ಗಡ್ಡೆ ಸಮೇತ ಅಗೆದು ತೆಗೆಯಬೇಕು. ಕಾಯಿ ತಿಂದ ದನದ ಸಗಣಿಯಿಂದಲೂ ಬೀಜ ಬೀಳುವುದರಿಂದ ಮುಂದಿನ ಎರಡು ಮಳೆಗಾಲ ಕಣ್ಣಿಟ್ಟು ಸಸಿ ಕೀಳಬೇಕು. ಇದನ್ನು ಬಿಟ್ಟು, ಜಾಲಿಯ ಹೆಸರಿನಲ್ಲಿ ಕರಿ ಜಾಲಿಯನ್ನೂ ಬೇವನ್ನೂ ಬನ್ನಿಯನ್ನೂ ಒಟ್ಟಿಗೆ ಉರುಳಿಸ್ತೀವಿ. ಕರಿ ಜಾಲಿ ಈ ನೆಲದ್ದೇ ಮರ, ಕುಂಟಿಗೂ ನೇಗಿಲಿಗೂ ಗಾಡಿಗೂ ಆದ ಮರ. ದಸರೆಗೆ ಬನ್ನಿ ಕೊಟ್ಟು “ಬಂಗಾರದಂಗ ಇರೂಣು” ಅನ್ನುವ ಮಂದಿ, ಬನ್ನಿ ಗಿಡವನ್ನೇ ಬುಡಮೇಲು ಮಾಡಿ ಗೃಹಪ್ರವೇಶದ ಕಾರ್ಡಿನ ಮೇಲೆ ಎಲೆಯ ಚಿತ್ರ ಹಾಕಿಸೋದು ಎಂಥ ತಮಾಷೆ ನೋಡಿ.

ಇದು ಭಾವುಕತೆ ಅನ್ನಿಸಿದರೆ ಬಿಡಿ, ಎಂಜಿನಿಯರಿಂಗ್ ಮಾತಾಡೋಣ. ನಮ್ಮದು ಎರೆ ಮಣ್ಣು. ನೀರು ಕುಡಿದರೆ ಊದುತ್ತದೆ, ಒಣಗಿದರೆ ಕುಗ್ಗಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೋನೈಟ್ ಎಂಬ ಜೇಡಿ ಖನಿಜದ ಗುಣ ಅದು. ಈ ಉಬ್ಬುವ, ಕುಗ್ಗುವ ಆಟ ಸುಮಾರು 3.5 ಮೀಟರ್ ಆಳದವರೆಗೂ ನಡೆಯುತ್ತದೆ ಅಂತ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ದೊಡ್ಡ ಬೇವಿನ ಮರ ತನ್ನ ಬೇರಿನ ಸುತ್ತಲಿನ ತೇವವನ್ನು ವರ್ಷಗಟ್ಟಲೆ ಹೀರಿ ಆ ಮಣ್ಣನ್ನು ಒಣಗಿಸಿ ಇಟ್ಟಿರುತ್ತದೆ. ಮರ ಹೋದ ಮೇಲೆ ಅದೇ ಮಣ್ಣು ನಿಧಾನವಾಗಿ ನೀರು ಕುಡಿಯುತ್ತ ಊದುತ್ತದೆ. ಒಂದು ಮಳೆಗೆ ಮುಗಿಯುವ ಕೆಲಸವಲ್ಲ, ಹಲವು ವರ್ಷ ನಡೆಯಬಹುದು. ಯುಗಾದಿಗೆ ಮರ ಕಿತ್ತು ಬಸವ ಜಯಂತಿಗೆ ಅಡಿಗಲ್ಲು ಹಾಕಿದರೆ, ಮನೆಯ ಒಂದು ಮೂಲೆ ಮೇಲೇಳುತ್ತದೆ, ಇನ್ನೊಂದು ಮೂಲೆ ಕೂತಲ್ಲೇ ಕೂತಿರುತ್ತದೆ. ಗೋಡೆ ಸೀಳುತ್ತದೆ. ಆಗ ಸಿಮೆಂಟ್ ಸರಿಯಿಲ್ಲ, ಗೌಂಡಿ ಸರಿಯಿಲ್ಲ, ವಾಸ್ತು ಸರಿಯಿಲ್ಲ ಅಂತ ಎಲ್ಲರನ್ನೂ ಬೈದಾಯಿತು. ಅಲ್ಲೊಂದು ಮರ ಇತ್ತು ಅನ್ನೋದೇ ಯಾರಿಗೂ ನೆನಪಿರೋದಿಲ್ಲ.

ಹಾಗಂತ ಮರದ ಬುಡಕ್ಕೇ ಮನೆ ಕಟ್ಟಿ ಅನ್ನುತ್ತಿಲ್ಲ. ಅದೂ ತಪ್ಪೇ. ಬೇರು ಬುನಾದಿಯ ಕೆಳಗಿನ ತೇವ ಎಳೆದರೆ ಆ ಕಡೆ ನೆಲ ಕುಗ್ಗುತ್ತದೆ. ಮರ ಎಷ್ಟು ಎತ್ತರವೋ ಹೆಚ್ಚುಕಡಿಮೆ ಅಷ್ಟು ದೂರ ಬಿಟ್ಟು ಮನೆಯ ನಕ್ಷೆ ಹಾಕಬೇಕು. ನಕ್ಷೆ ಹಾಕುವ ಮುಂಚೆ ಮರ ಎಲ್ಲಿದೆ ಅಂತ ನೋಡಬೇಕು. ನಾವು ನಕ್ಷೆಯನ್ನು ಮೊದಲು ಮೊಬೈಲಿನಲ್ಲಿ ತರಿಸಿಕೊಂಡು ಆಮೇಲೆ ಜಾಗವನ್ನು ಅದಕ್ಕೆ ತಕ್ಕ ಹಾಗೆ ಬೋಳು ಮಾಡ್ತೀವಿ.

ಗಜೇಂದ್ರಗಡದ ಗುಡ್ಡದ ಸೆರಗಿನಲ್ಲಿ ಕಲ್ಲು, ಗರಸಿನ ನೆಲ. ಅಲ್ಲಿ ನಿಂತ ಬುನಾದಿಯನ್ನು ನೋಡಿ ರೋಣದ ಎರಿಯಲ್ಲಿ ಅದೇ ಅಳತೆ ಹಾಕಿಸಿದರೆ ನಿಲ್ಲೋದಿಲ್ಲ. ಇದು ಗೊತ್ತಿದ್ದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ 1950ರ ದಶಕದಿಂದಲೇ ಕೆಳಗೆ ಗಡಿಗೆಯಂತೆ ಉಬ್ಬಿದ ಪೈಲುಗಳನ್ನು ಎರೆ ಮಣ್ಣಿಗಾಗಿ ರೂಪಿಸಿತು. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರು ಎರೆಯ ಮೇಲೆ ಊದದ ಮಣ್ಣಿನ ಪದರ ಕೊಟ್ಟು ಅದನ್ನು ಹದ್ದಿನಲ್ಲಿಡುವ ವಿಧಾನವನ್ನು ತೋರಿಸಿಕೊಟ್ಟರು. ಅದನ್ನು ಪ್ರಯೋಗಿಸಿ ನೋಡಿದ್ದು ನಮ್ಮದೇ ಮಲಪ್ರಭಾ ಯೋಜನೆಯ ಕಾಲುವೆಯಲ್ಲಿ. ನಮ್ಮ ನೆಲದ ರೋಗಕ್ಕೆ ನಮ್ಮ ನೆಲದಲ್ಲೇ ಔಷಧಿ ಹುಡುಕಿದ್ದಾರೆ. ನಾವು ಮಾತ್ರ ಮಣ್ಣು ಪರೀಕ್ಷೆಗೆ ದುಡ್ಡು ಕೊಡಲು ಹಿಂದೆಮುಂದೆ ನೋಡಿ, ಎಲಿವೇಷನ್ನಿನ ಗ್ಲಾಸಿಗೆ ಚೌಕಾಸಿ ಇಲ್ಲದೆ ಕೊಡ್ತೀವಿ.

ಮೂರನೆಯದು ನೀರು. ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಅದು ಬರುವಾಗ ಹೇಳಿಕೇಳಿ ಬರೋದಿಲ್ಲ. ಸುಮ್ಮನೆ ಕಸ ಬೆಳೆದ ತಗ್ಗು ಅಂತ ನಾವು ಸಪಾಟು ಮಾಡಿಸುವುದು ಎಷ್ಟೋ ಸಲ ಮೇಲಿನ ನಾಲ್ಕು ಹೊಲದ ನೀರು ಹಳ್ಳಕ್ಕೆ ಹೋಗುವ ದಾರಿ. ನಾವು ಗರಸು ಹಾಕಿಸಿ ಸೈಟನ್ನು ಎರಡಡಿ ಎತ್ತರಿಸಿದರೆ ನೀರೇನು ಊರು ಬಿಟ್ಟು ಹೋಗುತ್ತಾ? ಪಕ್ಕದವರ ಹಿತ್ತಲಿಗೆ ನುಗ್ಗುತ್ತದೆ. ಅವರದು ಇನ್ನೂ ಮಣ್ಣಿನ ಗೋಡೆ. ಬೆಂಗಳೂರಿನಲ್ಲಿ ರಾಜಕಾಲುವೆ ಮೇಲೆ ಅಪಾರ್ಟ್‌ಮೆಂಟ್ ಕಟ್ಟಿದವರನ್ನು ಬೈಯುವ ಹಕ್ಕು ನಮಗೆ ಉಳಿಯಬೇಕಾದರೆ ಊರಿನಲ್ಲಿ ಇದನ್ನು ಮಾಡಬಾರದು.

ನಾಲ್ಕನೆಯದು, ಮನೆ ಯಾರಿಗೆ ಅನ್ನೋದು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಗೆ ಮಲಪ್ರಭೆಯೂ ಬೆಣ್ಣಿಹಳ್ಳವೂ ಉಕ್ಕಿ ರೋಣ, ನರಗುಂದದ ದಂಡೆಯ ಊರುಗಳು ಮುಳುಗಿದವು. ಸರ್ಕಾರ ಎತ್ತರದ ಜಾಗ ಹುಡುಕಿ, ನೆಲ ಸಪಾಟು ಮಾಡಿಸಿ, ‘ಆಸರೆ’ ಹೆಸರಿನಲ್ಲಿ ಸಾಲು ಮನೆ ಕಟ್ಟಿಸಿತು. ಉದ್ದೇಶ ಒಳ್ಳೆಯದೇ. ಆದರೆ ದನ ಎಲ್ಲಿ ಕಟ್ಟಬೇಕು, ಬಣವಿ ಎಲ್ಲಿ ಒಟ್ಟಬೇಕು, ಹೊಲಕ್ಕೆ ಎಷ್ಟು ದೂರ ನಡೆಯಬೇಕು ಅನ್ನುವ ಪ್ರಶ್ನೆಗಳಿಗೆ ಆ ಸಾಲಿನಲ್ಲಿ ಉತ್ತರ ಇರಲಿಲ್ಲ. ಹಲವು ಕಡೆ ಮಂದಿ ಹೋಗಲಿಲ್ಲ, ಹೋದವರಲ್ಲೂ ಕೆಲವರು ತಿರುಗಿ ಬಂದರು. ಖಾಲಿ ಮನೆಗಳ ಬಾಗಿಲಿಗೇ ಜಾಲಿ ಬೆಳೆಯಿತು. 2019ರ ಆಗಸ್ಟ್‌ನಲ್ಲಿ ಹೊಳೆ ಮತ್ತೆ ಬಂದಾಗ ದಂಡೆಯ ಊರುಗಳಲ್ಲಿ ಅದೇ ಮಂದಿ ಮತ್ತೆ ಗಂಟುಮೂಟೆ ಹೊತ್ತರು. ಸರ್ಕಾರವನ್ನು ಇದಕ್ಕೆ ಬೈಯೋದು ಸುಲಭ. ನಾವು ನಮ್ಮ ಮನೆಯವರಿಗೇ ಮಾಡ್ತಿರೋದು ಬೇರೆಯೇನು? ಮೂರು ಬೆಡ್‌ರೂಮಿಗೆ ಮೂರು ಬಾತ್‌ರೂಮು, ಗ್ರಾನೈಟಿನ ಮೆಟ್ಟಿಲು, ಎರಡು ಕಾರು ನಿಲ್ಲುವ ಪೋರ್ಟಿಕೋ. ವರ್ಷದಲ್ಲಿ ಹನ್ನೆರಡು ದಿನ ಇರುವ ನಮಗಾಗಿ ಎಲ್ಲ. ಮುನ್ನೂರೈವತ್ತು ದಿನ ಇರುವ ಅಪ್ಪ-ಅವ್ವನಿಗೆ ಎಮ್ಮೆ ಕಟ್ಟಲು ಮೊಳ ಜಾಗ ಬಿಟ್ಟಿರೋದಿಲ್ಲ. ಕಡೆಗೆ ಅವರು ಹಿಂದೆ ತಗಡಿನ ಶೆಡ್ ಹಾಕಿಕೊಂಡು ಅಲ್ಲೇ ಒಲೆ ಹೂಡುತ್ತಾರೆ. ಹೊಸ ಮನೆಗೆ ಬೀಗ.

ಇನ್ನು ಕೊನೆಯದು, ನೆಲಕ್ಕಿಂತ ಮೊದಲು ಕಾಗದ ಬೋಳು ಮಾಡುವ ಕೆಲಸ. ಇದನ್ನು ಹೇಳಿದರೆ ಮನೆಯಲ್ಲಿ ಮುಖ ಊದುತ್ತವೆ, ಆದರೂ ಹೇಳ್ತೀನಿ. ಜಾಲಿ ಕೀಳುವ ತಿಂಗಳು ಮುಂಚೆ ಉತಾರದಿಂದ ಅಕ್ಕ-ತಂಗಿಯರ ಹೆಸರು ಕೀಳ್ತಾರೆ. “ನಿನಗ್ಯಾಕ ಬೇಕ ತಂಗಿ, ನಿನ್ನ ಗಂಡನ ಮನ್ಯಾಗ ಎಲ್ಲಾ ಐತೆಲ್ಲ. ಒಂದು ಸಹಿ ಮಾಡಿಬಿಡು, ಸೀರಿ ಉಡಸ್ತೀವಿ.” ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾಯ್ದೆ ತಿದ್ದಿತು. 2005ರಲ್ಲಿ ದೇಶಕ್ಕೆಲ್ಲ ಅದೇ ಆಯಿತು. ಆ ಹಕ್ಕು ಹುಟ್ಟಿನಿಂದಲೇ ಬರುವಂಥದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಿತು. ಆಫೀಸಿನಲ್ಲಿ ಡೈವರ್ಸಿಟಿ ಟ್ರೈನಿಂಗಿಗೆ ಕೂತು ತಲೆಯಾಡಿಸುವ ಅಣ್ಣಂದಿರೇ, ನಿಮ್ಮ ಡ್ರೀಮ್ ಹೋಮಿನ ಜಾಗದಲ್ಲಿ ಅಕ್ಕನ ಪಾಲು ಎಷ್ಟಿತ್ತು? ಅಕ್ಕ ಖುಷಿಯಿಂದ ಬಿಟ್ಟುಕೊಟ್ಟರೆ ಅದು ಅವಳ ದೊಡ್ಡತನ. ಕೇಳದೆ ಕಸದ ಹಾಗೆ ಬಳಿದು ಹಾಕಿದರೆ ಅದಕ್ಕೆ ಹೆಸರು ಬೇರೆ.

“ಇಷ್ಟೆಲ್ಲ ನೋಡುತ್ತ ಕೂತರೆ ಮನೆ ಎದ್ದ ಹಾಗೇ” ಅಂತ ನೀವಂದರೆ ಒಪ್ಪುತ್ತೇನೆ, ಆ ಮಾತಿನಲ್ಲೂ ಸತ್ಯ ಇದೆ. ಆಳು ಸಿಗೋದಿಲ್ಲ. ಕಂಟಿಯೊಳಗೆ ಹಾವು, ಚೇಳು ಇರುತ್ತವೆ. ಬರಿಗೈಯಲ್ಲಿ ಮುಳ್ಳು ಕಡಿಯಲು ಯಾರನ್ನಾದರೂ ಹಚ್ಚುವುದಕ್ಕಿಂತ ಯಂತ್ರ ಹಚ್ಚುವುದೇ ಒಳ್ಳೆಯದು. ಆದರೆ ನಾನು ಹೇಳಿದ ಯಾವ ಕೆಲಸಕ್ಕೂ ನೂರು ಆಳು ಬೇಕಿಲ್ಲ. ಬೇಕಾಗಿರೋದು ಒಂದು ಮಳೆಗಾಲದ ತಾಳ್ಮೆ, ಎರಡು ದಿನದ ತಿರುಗಾಟ ಮತ್ತು ಕೇಳುವ ಕಿವಿ.

ಮೊದಲು ಹದ್ದುಬಸ್ತಿಗೆ ಅರ್ಜಿ ಕೊಟ್ಟು ಗಡಿ ಗುರುತು ಮಾಡಿಸಿಕೊಳ್ಳಿ. ಬಾಂದಗಲ್ಲು ಕಿತ್ತ ಮೇಲೆ ಸರ್ವೇದವರನ್ನು ಕರೆದರೆ ಅವರು ಬರುವ ಹೊತ್ತಿಗೆ ಪಕ್ಕದ ಹೊಲದವರು ಬಡಿಗೆ ಹಿಡಿದು ಬಂದಿರುತ್ತಾರೆ. ಹೊಲದಲ್ಲಿ ಕಟ್ಟುವುದಾದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಏನನ್ನುತ್ತದೆ, ಎನ್‌ಎ ಬೇಕೋ ಬೇಡವೋ ಅಂತ ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ. ಮರ ಕಡಿಯಲು 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ, ಅದು ನಮ್ಮ ಸ್ವಂತ ಜಾಗಕ್ಕೂ ಲಾಗೂ ಆಗುತ್ತದೆ. ಬಳ್ಳಾರಿ ಜಾಲಿಯಂಥ ಕೆಲವಕ್ಕೆ ವಿನಾಯಿತಿ ಉಂಟು. ಉಳಿದವಕ್ಕೆ ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಕೈ ಹಚ್ಚಬೇಕು.

ಒಂದು ಮುಂಗಾರು ಜಾಗವನ್ನು ಹಾಗೇ ಬಿಡಿ. ಮಳೆ ಸುರಿಯುವಾಗ ತಮ್ಮನಿಗೋ ಮಾವನ ಮಗನಿಗೋ ಒಂದು ವಿಡಿಯೋ ಕಳಿಸಲು ಹೇಳಿ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಯಿತು ಅನ್ನೋದು ಗೊತ್ತಾಗುತ್ತದೆ. ಸ್ಟೇಟಸ್‌ಗೆ ಅದನ್ನೇ ಹಾಕಿ. ಓಣಿಯ ಹಿರಿಯರನ್ನು ಕರೆದುಕೊಂಡು ಹೋಗಿ ಹಗೇವು, ಹಳೇ ಬಾವಿ, ತಿಪ್ಪೆಗುಂಡಿ ಎಲ್ಲಿದ್ದವು ಅಂತ ತೋರಿಸಿಕೊಳ್ಳಿ. ಅನುಮಾನ ಬಂದ ಕಡೆ ಹಾರಿಯಿಂದ ಕುಟ್ಟಿ ನೋಡಲಿ, ಟೊಳ್ಳು ಸದ್ದು ಅವರ ಕಿವಿಗೆ ಗೊತ್ತು. ಮೂಲೆಗಳಲ್ಲಿ ಗುಂಡಿ ತೆಗೆಸಿ ಮಣ್ಣು ಪರೀಕ್ಷೆ ಮಾಡಿಸಿ. ಮೇಲಿನ ಒಂದಡಿ ಎರೆಯನ್ನು ಹಳ್ಳಕ್ಕೆ ಚೆಲ್ಲಬೇಡಿ, ಅದು ಹೊಲದ ಬಂಗಾರ. ಹಿತ್ತಲಿಗೆ ಇಟ್ಟುಕೊಳ್ಳಿ, ಇಲ್ಲವೇ ಬೇಕಾದವರಿಗೆ ಕೊಡಿ. ಹಳೇ ಮನೆ ಕೆಡವುವುದಾದರೆ ತೊಲೆ, ಕಂಬ, ಬಾಗಿಲು, ಕಲ್ಲು ಬೇರೆ ಬೇರೆ ಇಳಿಸಿ. ಗೋಡೆಯ ಹಾಳು ಮಣ್ಣನ್ನು ರೈತರು ಗೊಬ್ಬರ ಅಂತ ಟ್ರ್ಯಾಕ್ಟರ್ ತಂದು ಒಯ್ಯುತ್ತಾರೆ.

ಇಷ್ಟಾದ ಮೇಲೆ ಜೆಸಿಬಿ ಬರುವ ಹಿಂದಿನ ದಿನ ಒಂದು ಡಬ್ಬಿ ಸುಣ್ಣ ಕಲಸಿ ಅಪ್ಪನ ಕೈಗೆ ಕೊಡಿ. ಅವ್ವನೂ ಜೊತೆಗೆ ಹೋಗಲಿ, ಅಕ್ಕ ಬಂದಿದ್ದರೆ ಅವಳೂ ಹೋಗಲಿ. ಯಾವ ಗಿಡ, ಯಾವ ಕಲ್ಲು, ಯಾವ ಬದು ಉಳಿಯಬೇಕು ಅಂತ ಅವರು ಸುಣ್ಣ ಬಳಿಯಲಿ. ಸುಣ್ಣ ಇಲ್ಲದ್ದನ್ನು ಯಂತ್ರ ತೆಗೆದುಕೊಂಡು ಹೋಗಲಿ. ನನ್ನದೇನೂ ತಕರಾರಿಲ್ಲ.